ರೇಖೆಯ ರಾಮ, ದೇಹದ ರಾಮ

ನಾಟಕವು ಮೊದಲಾಗುವದಕ್ಕೆ ಮುಂಚೆ ಸೂತ್ರಧಾರನು ರಂಗಕ್ಕೆ ಬಂದು, ಕವಿಯನ್ನೂ ಕಥೆಯನ್ನೂ ಕೊಂಡಾಡಿ, ನೆರೆದ ಸಭಿಕರ ಮನಸ್ಸನ್ನು ಪ್ರಯೋಗದ ಕಡೆಗೆ ಒಲಿಸಿಕೊಳ್ಳಬೇಕೆಂದು ನಾಟ್ಯಶಾಸ್ತ್ರವು ವಿಧಿಸಿರುವದು. ಈ ಅಂಗಕ್ಕೆ ಶಾಸ್ತ್ರಕಾರರು ಪ್ರರೋಚನೆಯೆಂದು ಹೆಸರಿಟ್ಟಿರುವರು. ರುಚಿ ಹುಟ್ಟಿಸುವದೆಂದೇ ಅದರ ಶಬ್ದಾರ್ಥ. ನಾಟಕ ಕಂಪನಿಯವರು ಟಾಂಗಾದಲ್ಲಿ ಕುಳಿತು, ಡೋಲು ಬಾರಿಸುತ್ತ, ಚಿಕ್ಕೋಡಿ ನಿಪ್ಪಾಣಿಗಳ ಪೇಟೆಯಲ್ಲಿ ಹಸ್ತಪತ್ರಿಕೆಗಳನ್ನು ಹಂಚುತ್ತಿದ್ದುದೂ ಪ್ರರೋಚನೆಯೇ. ಇಂದು ಮೊಮ್ಮಕ್ಕಳು ಅಂಗೈಯೊಳಗಿನ ಮೊಬಾಯಿಲಿನಲ್ಲಿ ನಮ್ಮ ಮುಂದೆ ಹಿಡಿಯುವ ಟೀಜರು ಟ್ರೇಲರುಗಳೂ ಪ್ರರೋಚನೆಯೇ. ಆದರೆ ಒಂದು ಭೇದವುಂಟು. ಸೂತ್ರಧಾರನು ಮಾತು ಮುಗಿಸಿ ಮರೆಯಾದ ಕೂಡಲೆ ನಾಟಕವು ಆರಂಭವಾಗುತ್ತಿದ್ದಿತು. ಟೀಜರಿಗೂ ಚಿತ್ರಕ್ಕೂ ನಡುವೆ ತಿಂಗಳುಗಳೇ ಉರುಳುವವು. ಆ ಅವಧಿಯಲ್ಲಿ ಜನರು ಎರಡು ನಿಮಿಷದ ಆ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಸೂತ್ರಕ್ಕೆ ಭಾಷ್ಯ ಬರೆದಂತೆ ಅದಕ್ಕೆ ಭಾಷ್ಯ ಬರೆಯುವರು. ಅಂಥ ಭಾಷ್ಯಗಳಿಗೆ ಇಂದು ನಮ್ಮದೂ ಒಂದು ಸೇರುವದು.

ನಾವು ಎತ್ತಿಕೊಂಡಿರುವ ಟೀಜರು 'ಆದಿಪುರುಷ' ಎಂಬ ಚಿತ್ರದ್ದು. ಅದು 2022ನೆಯ ಇಸವಿ ಅಕ್ಟೋಬರ 2ರಂದು ಅಯೋಧ್ಯೆಯಲ್ಲಿ, ಸರಯೂ ನದಿಯ ದಂಡೆಯ ಮೇಲೆ ಲೋಕಾರ್ಪಿತವಾಯಿತು. ಹಳತಾದ ಸಂಗತಿಯನ್ನು ಈಗ ಯಾಕೆ ಕೆದಕುವಿರಿ ಎಂದು ವಾಚಕರು ಕೇಳಬಹುದು. 2025ನೆಯ ಜನವರಿ 24ರಂದು ಜಪಾನೀಯರ ಹಳೆಯ ರಾಮಾಯಣ ಚಿತ್ರವು ನಮ್ಮ ದೇಶದ ಚಿತ್ರಗೃಹಗಳಿಗೆ ಬಂದಿತು. ಅದೇ ವರ್ಷದ ಜುಲೈ 3ರಂದು ಇನ್ನೊಂದು ಭಾರಿ ರಾಮಾಯಣದ ಪರಿಚಯ ತುಣುಕು ಹೊರಬಿದ್ದಿತು. ಹೀಗೆ ಮೂರು ರಾಮಾಯಣಗಳು ಮನೆಯ ಮಕ್ಕಳ ಕಣ್ಣಿನ ಮುಂದೆ ಸಾಲಾಗಿ ನಿಂತಿರುವಾಗ, ಯಾವ ರಾಮನು ಅವರ ಮನಸ್ಸಿನಲ್ಲಿ ಕಡೆಯ ತನಕ ಉಳಿಯುವನೆಂಬುದು ತಾಯಿತಂದೆಗಳು ವಿಚಾರಿಸಬೇಕಾದ ಪ್ರಶ್ನೆಯೇ ಸರಿ. ಎಳವೆಯಲ್ಲಿ ಒಮ್ಮೆ ಮನಸ್ಸಿನಲ್ಲಿ ಅಚ್ಚಾದ ಮೂರ್ತಿಯು ಮುಂದೆ ಸುಲಭವಾಗಿ ಅಳಿಸಿಹೋಗುವಂಥದಲ್ಲ.

ಮೊದಲು ಜಪಾನಿನ ಚಿತ್ರದ ವೃತ್ತಾಂತವನ್ನು ಹೇಳುವೆವು. ಅದನ್ನು ಬಿಟ್ಟರೆ ಆದಿಪುರುಷದ ಟೀಜರಿನ ಗುಣದೋಷಗಳು ತಿಳಿಯವು. ಕೈಯಿಂದ ಬರೆದ ಸಾವಿರಾರು ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ ಜೀವ ತುಂಬುವ ಕಲೆಯು ಜಪಾನಿನಲ್ಲಿ ಬಹು ಬೆಳೆದಿರುವದು. ಅಂಥ ಚಿತ್ರಗಳಿಗೆ ಅನಿಮೆ ಎನ್ನುವರು. ಯೂಗೋ ಸಾಕೋ ಎಂಬ ಜಪಾನೀ ನಿರ್ಮಾಪಕನು 1983ರಲ್ಲಿ, ಪುರಾತತ್ವಜ್ಞರಾದ ಬಿ. ಬಿ. ಲಾಲ್ ಅವರ ಉತ್ಖನನಗಳ ಬಗ್ಗೆ ಮಾಹಿತಿಚಿತ್ರವೊಂದನ್ನು ತೆಗೆಯುವದಕ್ಕೆ ಭಾರತಕ್ಕೆ ಬಂದಿದ್ದನು. ಬಂದವನನ್ನು ರಾಮಾಯಣವು ಹಿಡಿದುಕೊಂಡುಬಿಟ್ಟಿತು. ಜಪಾನೀ ಭಾಷೆಯಲ್ಲಿ ದೊರೆಯುವ ರಾಮಾಯಣಗಳನ್ನು ಒಂದೊಂದಾಗಿ ಓದಿದನು. ಕೊನೆಗೆ ನಮ್ಮ ರಾಮ ಮೋಹನ, ಜಪಾನಿನ ಕೋಯಿಚಿ ಸಾಸಾಕಿ ಇವರೊಡನೆ ಕೂಡಿ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಎಂಬ ಚಿತ್ರವನ್ನು ಮುಗಿಸಿದನು. ಪರದೇಶದವರು ನಮ್ಮ ರಾಮನನ್ನು ವ್ಯಂಗ್ಯಚಿತ್ರವಾಗಿ ಬರೆಯುವರೆಂಬ ಶಂಕೆಯಿಂದ ಮೊದಮೊದಲು ಇಲ್ಲಿ ಪ್ರತಿಭಟನೆಯೂ ನಡೆಯಿತು. 1993ರಲ್ಲಿ ದಿಲ್ಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದರೂ ಆಗ ಚಿತ್ರಗೃಹಗಳಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಓಟ ದೊರೆಯಲಿಲ್ಲ. ಮುಂದೆ ಟೆಲಿವಿಜನ್ನಿನಲ್ಲಿ ಹಿಂದಿಯ ಮಾತುಗಳೊಡನೆ ಅದು ಮೇಲಿಂದ ಮೇಲೆ ಬಂದುದರಿಂದ ಒಂದು ಪೀಳಿಗೆಯ ಮಕ್ಕಳು ಅದನ್ನು ನೋಡುತ್ತಲೇ ಬೆಳೆದರು. ಆ ಹಿಂದಿ ಪ್ರತಿಯಲ್ಲಿ ರಾಮನಿಗೆ ಕಂಠ ಕೊಟ್ಟವರು, 1987ರ ದೂರದರ್ಶನ ರಾಮಾಯಣದಲ್ಲಿ ರಾಮನಾಗಿದ್ದ ಅರುಣ ಗೋವಿಲ್ ಅವರೇ. ರಾವಣನದು ಅಮರೀಶ ಪುರಿಯವರ ಧ್ವನಿ. ಸಂಸ್ಕೃತವನ್ನು ಕಲಿಸುತ್ತ ಕೂದಲು ನರೆಯಿಸಿಕೊಂಡ ನಮಗೆ ಅದರಲ್ಲಿ ಇನ್ನೊಂದು ಆಕರ್ಷಣೆಯುಂಟು. ಮೂಲ ಇಂಗ್ಲಿಷ ಪ್ರತಿಯಲ್ಲಿಯ ಹಾಡುಗಳು ಸಂಸ್ಕೃತದಲ್ಲಿರುವವು. ರಚನೆ ವಸಂತ ದೇವ ಅವರದು, ಸಂಗೀತ ವನರಾಜ ಭಾಟಿಯಾ ಅವರದು. ಜಪಾನೀ ಕುಂಚ, ಇಂಗ್ಲಿಷ ಮಾತು, ಸಂಸ್ಕೃತದ ಹಾಡು. ಈ ಮೂರು ಕೂಡಿಯೂ ಚಿತ್ರವು ಅರಿವೆಯ ತೇಪೆಯಂತೆ ಕಾಣುವದಿಲ್ಲ.

ಸಾಕೋ ಮಹಾಶಯನು ರಾಮನ ಪಾತ್ರಕ್ಕೆ ನಟನನ್ನು ಏಕೆ ಹುಡುಕಲಿಲ್ಲ? ರಾಮನು ದೇವರು, ಆದ್ದರಿಂದ ಆತನನ್ನು ನಟನ ಮೈಯಲ್ಲಿ ತೋರಿಸುವದಕ್ಕಿಂತ ರೇಖೆಯಲ್ಲಿ ತೋರಿಸುವದೇ ಯೋಗ್ಯವೆಂಬುದು ಆತನ ಸಮಾಧಾನವಾಗಿದ್ದಿತು. ಈ ಮಾತನ್ನು ವಾಚಕರು ಗಂಟು ಹಾಕಿಟ್ಟುಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ. ಆದಿಪುರುಷದ ನಿರ್ದೇಶಕರಾದ ಓಂ ರಾವುತ್ ಅವರು, ಇದೇ ಜಪಾನೀ ಚಿತ್ರವನ್ನು ನೋಡಿ, ಇದನ್ನು ಈಗಿನ ಯಂತ್ರಸಾಧನಗಳಿಂದ ಇನ್ನೂ ದೊಡ್ಡದಾಗಿ ನಾವೇ ಮಾಡಬೇಕೆಂದು ಸಂಕಲ್ಪಿಸಿದುದಾಗಿ ಹೇಳಿರುವರು. ಅಂದಮೇಲೆ, ರಾಮನಿಗೆ ಮನುಷ್ಯನ ಮುಖ ಬೇಡವೆಂದು ಒಬ್ಬನು ಬರೆದ ಚಿತ್ರವೇ ಇನ್ನೊಬ್ಬರು ರಾಮನಿಗೆ ಮನುಷ್ಯನ ಮುಖವನ್ನಿಡಲು ಸ್ಫೂರ್ತಿಯಾಯಿತು. ಇದರಲ್ಲಿ ದೋಷವೇನೂ ಇಲ್ಲ. ಆದರೆ ಇದು ಎಂಥ ಕಠಿನ ಕಾರ್ಯವೆಂಬುದರ ಅರಿವು ಇರಬೇಕಾದುದು ಅವಶ್ಯ.

ಪತಂಜಲಿಯ ಮಹಾಭಾಷ್ಯದಲ್ಲಿ ಒಂದು ಪ್ರಸಂಗ ಬರುವದು. ಕಂಸನು ಸತ್ತು ಯಾವ ಕಾಲವಾಯಿತೋ. ಬಲಿಯು ಕಟ್ಟಿಗೆ ಸಿಕ್ಕಿಯೂ ಅಷ್ಟೇ ಕಾಲವಾಯಿತು. ಹೀಗಿದ್ದೂ 'ಕಂಸನನ್ನು ಕೊಲ್ಲಿಸುತ್ತಾನೆ' ಎಂದು ಜನರು ವರ್ತಮಾನಕಾಲದಲ್ಲಿ ಮಾತಾಡುವದು ಹೇಗೆ ಸರಿಯಾದೀತು? ವೈಯಾಕರಣನು ಮೂರು ಸಮಾಧಾನಗಳನ್ನು ಕೊಡುವನು. ಶೌಭಿಕರೆಂಬ ಆಟದವರು ಕಣ್ಣೆದುರಿಗೇ ಆ ವಧೆಯನ್ನು ಆಡಿ ತೋರಿಸುವರು. ಚಿತ್ರಗಳಲ್ಲಿಯೂ ಎತ್ತಿದ ಕೈ ಬಿದ್ದ ಏಟುಗಳು ಕಾಣುವವು. ಗ್ರಂಥಿಕರೆಂಬ ಕಥೆಗಾರರಾದರೋ ಬರಿಯ ಮಾತಿನಿಂದಲೇ ಕೇಳುವವರ ಬುದ್ಧಿಯಲ್ಲಿ ಅದೆಲ್ಲವನ್ನೂ ನಡೆಯಿಸುವರು. ನಟನ ದೇಹ, ಚಿತ್ರಕಾರನ ರೇಖೆ, ಕಥೆಗಾರನ ಮಾತು. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಈ ಮೂರು ಹಾದಿಗಳನ್ನು ನಮ್ಮವರು ಬೇರೆಬೇರೆಯಾಗಿ ಕಂಡಿದ್ದರು. ಒಂದು ಹಾದಿಯಿಂದ ಇನ್ನೊಂದಕ್ಕೆ ದಾಟುವಾಗ ಏನನ್ನು ಕಳೆದುಕೊಳ್ಳುತ್ತೇವೆ, ಅದಕ್ಕೆ ಪ್ರತಿಯಾಗಿ ಏನನ್ನು ತರಬೇಕು ಎಂಬುದೇ ನಮ್ಮ ಇಂದಿನ ಪರೀಕ್ಷೆ.

ರೇಖೆಯಲ್ಲಿ ಮುಖವಿರುವದು, ಆದರೆ ಅದು ಯಾರ ಮುಖವೂ ಅಲ್ಲ. ನಾಲ್ಕು ಗೆರೆಗಳ ಕಣ್ಣಿನೊಳಗೆ ನೋಡುವವನು ತನ್ನ ಭಾವವನ್ನು ತಾನೇ ತುಂಬಿಕೊಳ್ಳುವನು. ಅಥಣಿಯ ಹುಡುಗನಿಗೂ ಟೋಕಿಯೋದ ಹುಡುಗನಿಗೂ ಅವನವನ ರಾಮನು ಅಲ್ಲಿ ದೊರೆಯುವನು. ನಟನ ಮುಖವಾದರೋ ತನ್ನ ಚರಿತ್ರೆಯನ್ನು ತನ್ನೊಂದಿಗೆ ಹೊತ್ತುಕೊಂಡೇ ಬರುವದು. ಆದಿಪುರುಷದಲ್ಲಿ ರಾಮನಾದ ಪ್ರಭಾಸರನ್ನು ಕಂಡೊಡನೆ, ಅವರನ್ನು ಬಾಹುಬಲಿಯಾಗಿ ಕಂಡ ಜನರಿಗೆ ಬಾಹುಬಲಿಯೇ ನೆನಪಾಗುವನು. ಇದನ್ನು ದಾಟಲು ಸಾಧ್ಯವಿಲ್ಲವೆಂದು ನಾವು ಹೇಳುವದಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದ ಮನುಷ್ಯನು ರಾತ್ರಿ ಬಣ್ಣ ಬಳಿದುಕೊಂಡು ಕೃಷ್ಣನಾಗಿ ನಿಲ್ಲುವನು. ಎದುರಿಗೆ ಕುಳಿತ ಮುದುಕಿಗೆ ಅವನು ಯಾರ ಮಗನೆಂಬುದು ಚೆನ್ನಾಗಿ ಗೊತ್ತು; ಆದರೂ ಕೈ ಮುಗಿಯುವಳು. ಆ ಕಿರೀಟವು ರಟ್ಟಿನದೆಂಬುದನ್ನು ಯಾರೂ ಮುಚ್ಚಿಡುವದಿಲ್ಲ. ಹಾಡು ಮತ್ತು ಭಾವ ಇವೆರಡರ ಬಲದಿಂದ ಅಲ್ಲಿ ದೇಹವು ದೇವರಾಗುವದು.

ಈಗ ಟೀಜರನ್ನು ನೋಡೋಣ. ಅದರ ಉದ್ದ ಎರಡು ನಿಮಿಷಕ್ಕೂ ಕಡಿಮೆ. ನೀರಿನೊಳಗೆ ಧ್ಯಾನಸ್ಥನಾಗಿ ಕುಳಿತ ರಾಮನಿಂದ ಮೊದಲಾಗುವದು. ನಮ್ಮ ಅಭಿಪ್ರಾಯದಲ್ಲಿ ಇಡೀ ತುಣುಕಿನಲ್ಲಿ ಉತ್ತಮವಾದ ದೃಶ್ಯವು ಇದೇ. ಕಣ್ಣು ಮುಚ್ಚಿದ ಮುಖದಲ್ಲಿ ರೇಖೆಯ ಮೌನಕ್ಕೆ ಹತ್ತಿರವಾದ ಒಂದು ಶಾಂತಿಯುಂಟು. ಅಲ್ಲಿಂದ ಮುಂದೆ ಶಾಂತಿಯೆಂಬುದು ಮತ್ತೆ ಕಾಣಸಿಗದು. ನೆರಳಿನಂಥ ಭೂತಾಕಾರಗಳು ಹಾರಿ ಹಾರಿ ಬೀಳುವವು; ರಾಮನು ಅವುಗಳನ್ನು ಬಡಿಯುವನು. ರಾವಣನು ಬಾವಲಿಯನ್ನು ಹೋಲುವ ದೈತ್ಯಪ್ರಾಣಿಯೊಂದರ ಮೇಲೆ ಕುಳಿತು ಬರುವನು. ಲಂಕೆಯು ಕರಿಗಲ್ಲಿನ ಗವಿಯಂತೆ ಕಪ್ಪಾಗಿರುವದು. ವಾನರಸೇನೆಯಲ್ಲಿ ಆಫ್ರಿಕದ ಕಾಡಿನ ಗೊರಿಲ್ಲಾಗಳಂಥ ಆಕೃತಿಗಳು. ಸೀತೆಯು ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗುವಳು. ಎಲ್ಲದರ ಮೇಲೆಯೂ ಬೂದಿ ಬಣ್ಣದ ಒಂದು ಮಬ್ಬು ಕವಿದಿರುವದು.

ಬೀದಿಯಲ್ಲಿ ಎದ್ದ ಆಕ್ಷೇಪಣೆಗಳಲ್ಲಿ ಎಲ್ಲವೂ ಒಂದೇ ತೂಕದವುಗಳಲ್ಲ. ಹನುಮಂತನ ಉಡುಪು ಚರ್ಮದ್ದಾಗಿ ಕಾಣುವದೆಂಬುದು ದೊಡ್ಡ ಗದ್ದಲವಾಯಿತು. ಮಧ್ಯಪ್ರದೇಶದ ಆಗಿನ ಗೃಹಮಂತ್ರಿಗಳಾದ ನರೋತ್ತಮ ಮಿಶ್ರ ಅವರೇ ಅದನ್ನು ಎತ್ತಿ ಆಡಿದರು. ಈ ಮಾತಿನಲ್ಲಿ ನಮಗೆ ಸತ್ವ ಕಾಣುವದಿಲ್ಲ. ವಾಲ್ಮೀಕಿಯ ರಾಮನೇ ವನವಾಸದಲ್ಲಿ ನಾರುಮಡಿಯನ್ನೂ ಕೃಷ್ಣಾಜಿನವನ್ನೂ ಧರಿಸಿದವನು. ಅಜಿನವೆಂದರೆ ಜಿಂಕೆಯ ತೊಗಲಲ್ಲದೆ ಬೇರೇನು? ನಮ್ಮ ನಾಡಿನ ತೊಗಲುಗೊಂಬೆಯಾಟದಲ್ಲಿ ಹದ ಮಾಡಿದ ತೊಗಲಿನ ಮೇಲೆಯೇ ರಾಮ ಸೀತೆ ಹನುಮಂತರನ್ನು ಕೊರೆದು, ಬಣ್ಣ ತುಂಬಿ, ಹಿಂದೆ ದೀಪವಿಟ್ಟು ಪರದೆಯ ಮೇಲೆ ಕುಣಿಸುವರು. ಅನಿಮೆಯ ಅಜ್ಜನೆಂದು ಅದನ್ನು ಕರೆದರೂ ಸಲ್ಲುವದು: ಚಲಿಸುವ ರೇಖೆ, ಹಿಂದೆ ಮನುಷ್ಯನ ಕಂಠ. ಅಥಣಿಯ ಚರ್ಮಕಾರರು ಕೈಯಿಂದ ಹೆಣೆದ ಚಪ್ಪಲಿಗಳಿಗೆ 2019ರಲ್ಲಿ ಕೊಲ್ಹಾಪುರಿಯೆಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವದು. ಅಂಥ ಊರಿನ ಜನರೆದುರಿಗೆ ಚರ್ಮವೇ ಅಶುದ್ಧವೆಂದು ವಾದಿಸುವದು ನಮಗೆ ಉಚಿತವಾಗಿ ತೋರಲಿಲ್ಲ. ಮೀಸೆಯ ವಾದವನ್ನು ಕೂಡ ನಾವು ಬದಿಗಿಡುವೆವು.

ನಿಜವಾದ ದೋಷವು ಆಹಾರ್ಯದ ಅತಿರೇಕದಲ್ಲಿರುವದು. ಅಭಿನಯವು ನಾಲ್ಕು ವಿಧವೆಂದು ಹೇಳುವರು. ಮೈಕೈಗಳದು ಆಂಗಿಕ, ಮಾತಿನದು ವಾಚಿಕ, ವೇಷಭೂಷಣಗಳದು ಆಹಾರ್ಯ, ಮನಸ್ಸು ಕರಗಿ ಮುಖದಲ್ಲಿ ತೋರುವದು ಸಾತ್ವಿಕ. ರೇಖೆಯ ರಾಮನಿಗೆ ನಿಜವಾದ ಮೈಯಿಲ್ಲ; ಆ ಕೊರತೆಯನ್ನು ನೋಡುವವನ ಕಲ್ಪನೆಯು ತುಂಬುವದು. ಮೈಯುಳ್ಳ ರಾಮನು ಬಂದಾಗ ಆ ಕಲ್ಪನೆಗೆ ಕೆಲಸ ತಪ್ಪುವದು. ಅದಕ್ಕೆ ಬದಲಾಗಿ ನಟನು ಕೊಡಬಹುದಾದುದು ಸಾತ್ವಿಕವೊಂದೇ. ಗಂಟಲು ಕಟ್ಟುವದು, ಕಣ್ಣು ತುಂಬುವದು, ತುಟಿ ನಡುಗುವದು, ಇವು ರೇಖೆಗೆ ಎಂದೂ ಪೂರ್ತಿಯಾಗಿ ಎಟುಕಲಾರವು. ಟೀಜರಿನ ಕರ್ತೃಗಳು ಈ ಸಂಪತ್ತನ್ನು ತೆಗೆಯಲೇ ಇಲ್ಲ. ನಟರ ಮುಖಗಳ ಮೇಲೆ ಕಂಪ್ಯೂಟರಿನ ನುಣುಪನ್ನು ಬಳಿದರು; ಅವರ ಸುತ್ತಲಿನ ಕಾಡು, ಕಡಲು, ಆಕಾಶಗಳೆಲ್ಲವನ್ನೂ ಅದರಿಂದಲೇ ಹುಟ್ಟಿಸಿದರು. ಪರಿಣಾಮವೇನೆಂದರೆ ರೇಖೆಯೂ ಉಳಿಯಲಿಲ್ಲ, ದೇಹವೂ ಬರಲಿಲ್ಲ. ಪತಂಜಲಿಯ ಲೆಕ್ಕಕ್ಕೆ ಸಿಗದ ಮೂರನೆಯ ವಸ್ತುವೊಂದು ಹುಟ್ಟಿತು. ಕಾರ್ಟೂನಿನಂತಿದೆಯೆಂದು ಜನರು ನಕ್ಕರಲ್ಲವೇ? ಆ ನಗೆ ಅಷ್ಟು ನ್ಯಾಯವಾದುದಲ್ಲ. ಒಳ್ಳೆಯ ಕಾರ್ಟೂನನ್ನು ಅವರು ಮುವತ್ತು ವರ್ಷದಿಂದ ಪ್ರೀತಿಯಿಂದಲೇ ನೋಡಿದ್ದರು.

ನಮ್ಮ ಮೊಮ್ಮಗಳಿಗೆ ಆಗ ಎಂಟು ವರ್ಷ. ಎರಡನ್ನೂ ಒಂದೇ ಸಂಜೆ ನೋಡಿದವಳು, "ಅಜ್ಜಾ, ಈ ರಾಮಗ ಯಾವಾಗ್ಲೂ ಸಿಟ್ಟಽ ಇರತೈತಿ. ಆ ರಾಮ ಸಿಟ್ಟಿಗೆದ್ರೂ ಮತ್ತ ಸುಮ್ನಾಗ್ತಿದ್ದ," ಎಂದಳು. ವಾಲ್ಮೀಕಿಯು ನಾರದರನ್ನು ಮೊಟ್ಟಮೊದಲು ಕೇಳಿದ ಗುಣಗಳ ಪಟ್ಟಿಯಲ್ಲಿ ಕೋಪವನ್ನು ಗೆದ್ದವನೆಂಬುದೂ ಒಂದಾಗಿರುವದು. ಆದರೆ ಆತನು ಸಿಟ್ಟಾದರೆ ದೇವತೆಗಳೂ ನಡುಗುವರೆಂಬ ಮಾತೂ ಆ ಬೆನ್ನಿಗೇ ಬರುವದು. ಈ ಎರಡು ಗುಣಗಳು ಒಂದೇ ಮುಖದಲ್ಲಿ ಕೂಡಿರಬೇಕು. ಜಪಾನೀ ಚಿತ್ರಕಾರರು ಅದನ್ನು ಹೇಗೋ ಹಿಡಿದರು.

ರಾವಣನ ವಿಷಯವಂತೂ ಇನ್ನೂ ವಿಚಾರಾರ್ಹವಾಗಿರುವದು. ವಾಲ್ಮೀಕಿಯ ಲಂಕೆ ಬಂಗಾರದ ನಗರಿ. ಅದರ ಬೆಳಕಿಗೆ ಹನುಮಂತನು ಬೆರಗಾಗುವನು. ರಾವಣನ ಸಭೆಯಲ್ಲಿ ಕಟ್ಟಿಸಿಕೊಂಡು ನಿಂತಾಗಲೂ ಆತನು, ಇವನ ರೂಪವೇನು, ಧೈರ್ಯವೇನು, ಅಧರ್ಮವೊಂದು ಇರದಿದ್ದರೆ ಇವನು ದೇವಲೋಕವನ್ನೇ ಕಾಯಬಹುದಿತ್ತಲ್ಲ ಎಂಬ ಅರ್ಥದಲ್ಲಿ ಮನಸ್ಸಿನಲ್ಲಿಯೇ ಮೆಚ್ಚಿಕೊಳ್ಳುವನು. ಅಂಥವನ ಬೀಳುವಿಕೆಯಲ್ಲಿಯೇ ಕಾವ್ಯದ ದುಃಖವಿರುವದು. ನಮ್ಮ ನಾಗಚಂದ್ರ ಕವಿಯು ರಾಮಚಂದ್ರಚರಿತ ಪುರಾಣದಲ್ಲಿ ಈ ದುಃಖವನ್ನು ಕೊನೆಯ ಮಜಲಿಗೆ ಒಯ್ದಿರುವನು. ಅಲ್ಲಿಯ ರಾವಣನು ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪದಿಂದ ಬೇಯುವನು. ಕಾಗವಾಡ, ಶೇಡಬಾಳ, ಸದಲಗಾ ಈ ಕಡೆಯ ಜೈನ ಮನೆತನಗಳಲ್ಲಿ ಆ ಕಥೆಯ ಪರಿಚಯವುಳ್ಳ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೀಜರಿನಲ್ಲಿ ಸೈಫ್ ಅಲಿ ಖಾನರ ರಾವಣನು ಕೂದಲು ಕತ್ತರಿಸಿಕೊಂಡು, ಗಡ್ಡ ಬಿಟ್ಟು, ಕಣ್ಣಿಗೆ ಕಾಡಿಗೆ ತೀಡಿಕೊಂಡು, ಕಪ್ಪು ಕೋಟೆಯಲ್ಲಿ ಕುಳಿತಿರುವನು. ಮೊದಲ ನೋಟಕ್ಕೇ ಇವನು ಕೆಟ್ಟವನೆಂದು ಮಗುವಿಗೂ ತಿಳಿದುಬಿಡುವದು. ತಿಳಿದಮೇಲೆ ನೋಡಬೇಕಾದುದೇನು ಉಳಿಯಿತು? ವೇಷವನ್ನು ಹೀಗೆ ಬಗೆಹರಿಸಿದವರು ಕಥೆಯನ್ನೂ ಹೀಗೆಯೇ ಬಗೆಹರಿಸಿರಬೇಕೆಂದು ಆಗಲೇ ಊಹಿಸಬಹುದಾಗಿತ್ತು.

ದೇಹಕ್ಕೆ ಇಳಿದ ಪುರಾಣವು ನೋಡುವವರ ಮೇಲೆ ಎಷ್ಟು ಬಲವಾಗಿ ಎರಗಬಲ್ಲುದೆಂಬುದಕ್ಕೆ ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದಲ್ಲಿಯೇ ಒಂದು ದೃಷ್ಟಾಂತ ದೊರೆಯುವದು. ನಾಟಕದ ಪರದೆಗಳನ್ನು ಬರೆಯುತ್ತಿದ್ದ ಬಾಬೂರಾವ ಪೇಂಟರ ಅವರು ಅಲ್ಲಿ ಮಹಾರಾಷ್ಟ್ರ ಫಿಲ್ಮ ಕಂಪನಿಯನ್ನು ಕಟ್ಟಿ, 1920ರಲ್ಲಿ 'ಸೈರಂಧ್ರೀ' ಎಂಬ ಮೂಕಚಿತ್ರವನ್ನು ತೆಗೆದರು. ಕೀಚಕವಧೆಯನ್ನು ಜನರು ಕಥೆಯಲ್ಲಿ ಕೇಳಿದ್ದರು, ಪಟದಲ್ಲಿ ಕಂಡಿದ್ದರು, ನಾಟಕದಲ್ಲಿಯೂ ನೋಡಿದ್ದರು. ಆದರೆ ತೆರೆಯ ಮೇಲಿನ ವಧೆಯು ಅದೆಷ್ಟು ನೈಜವಾಗಿದ್ದಿತೆಂದರೆ ನೋಡುವವರಲ್ಲಿ ಕೆಲವರು ಮೂರ್ಛೆ ಹೋದರೆಂದು ಪ್ರಸಿದ್ಧಿ. ಆ ಭಾಗವನ್ನು ಕತ್ತರಿಸಿ ಹಾಕಬೇಕಾಯಿತು. ಚಿತ್ರಕಾರನೇ ನಿರ್ದೇಶಕನಾಗಿದ್ದುದರಿಂದ ರೇಖೆಗೂ ದೇಹಕ್ಕೂ ಇರುವ ಅಂತರವು ಆತನ ಕೈಗೆ ತಿಳಿದಿದ್ದಿತು. ಜಾಹೀರಾತಿನ ಚಿತ್ರಗಳನ್ನೂ ಆತನೇ ಬರೆಯುತ್ತಿದ್ದನು. 1924ರ 'ಕಲ್ಯಾಣ ಖಜಿನಾ'ಕ್ಕಾಗಿ ಬರೆದ ಪೋಸ್ಟರು, ಉಳಿದುಕೊಂಡಿರುವ ಭಾರತೀಯ ಚಿತ್ರದ ಪೋಸ್ಟರುಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾಗಿರುವದು. ಆ ಕಾಲದ ಪ್ರರೋಚನೆಯೆಂದರೆ ಅದೇ.

ಆದಿಪುರುಷದವರು ಜನರ ಮಾತಿಗೆ ಕಿವಿಗೊಡಲಿಲ್ಲವೆಂದು ಹೇಳುವದು ಅನ್ಯಾಯವಾದೀತು. 2023ರ ಜನವರಿ 12ಕ್ಕೆ ಬರಬೇಕಾಗಿದ್ದ ಚಿತ್ರವನ್ನು, ಇನ್ನಷ್ಟು ಕೆಲಸ ಮಾಡಲು ಸಮಯ ಬೇಕೆಂದು, ಅದೇ ವರ್ಷದ ಜೂನ 16ಕ್ಕೆ ಮುಂದೂಡಿದರು. ಮೇ ತಿಂಗಳ 9ರಂದು ಬಂದ ಟ್ರೇಲರು ಮೊದಲಿನದಕ್ಕಿಂತ ಹಸನಾಗಿದ್ದಿತು. ಬೆಳಕು ಹೆಚ್ಚಿತ್ತು, ಹಾಡಿನ ಗಾಂಭೀರ್ಯವಿತ್ತು. ಚಿತ್ರವು ಹಿಂದಿ ತೆಲುಗುಗಳೊಡನೆ ಕನ್ನಡ, ತಮಿಳು, ಮಲೆಯಾಳಗಳಲ್ಲಿಯೂ ಬಂದಿತು. ಪ್ರತಿಯೊಂದು ಚಿತ್ರಗೃಹದಲ್ಲಿ ಹನುಮಂತನಿಗಾಗಿ ಒಂದು ಆಸನವನ್ನು ಬರಿದಾಗಿ ಬಿಡುವೆವೆಂದೂ ಸಾರಿದರು. ಆದರೆ ಆ ಆಸನದ ಎದುರಿನ ತೆರೆಯ ಮೇಲೆ ಹನುಮಂತನ ಬಾಯಿಯಿಂದ ಬಂದ ಮಾತುಗಳು ಓಣಿಯ ಕಟ್ಟೆಯ ಮೇಲಿನ ಜಗಳದ ಮಾತುಗಳಾಗಿದ್ದವು.

ಇಲ್ಲಿ ನಾವು ಸ್ವಲ್ಪ ನಿಂತು ಹೇಳಬೇಕಾಗುವದು. ಕಿಷ್ಕಿಂಧೆಯಲ್ಲಿ ಹನುಮಂತನು ಮೊದಲ ಸಲ ರಾಮನ ಮುಂದೆ ಬಂದಾಗ ಆತನ ಬಲವನ್ನಾಗಲಿ ಬಾಲವನ್ನಾಗಲಿ ರಾಮನು ಹೊಗಳಲಿಲ್ಲ. ಲಕ್ಷ್ಮಣನ ಕಡೆಗೆ ತಿರುಗಿ, ಇವನು ವೇದಗಳನ್ನು ಓದಿರಬೇಕು, ವ್ಯಾಕರಣವನ್ನು ಪೂರ್ತಿಯಾಗಿ ಕೇಳಿರಬೇಕು, ಇಷ್ಟು ಮಾತಾಡಿದರೂ ಒಂದು ಅಪಶಬ್ದವೂ ಬರಲಿಲ್ಲ, ಎಂದು ಆತನ ಮಾತಿನ ಶುದ್ಧಿಯನ್ನು ಕೊಂಡಾಡಿದನು. ಮಾತೇ ಹನುಮಂತನ ಮೊದಲ ಪರಿಚಯ. ಟೀಜರನ್ನು ನೋಡಿ ಎದ್ದ ಗದ್ದಲವೆಲ್ಲ ಆತನ ಉಡುಪಿನ ಸುತ್ತಲೇ ತಿರುಗಿತು. ನಿರ್ಮಾಪಕರೂ ಕಣ್ಣಿಗೆ ಕಂಡ ದೋಷಗಳನ್ನೇ ತಿದ್ದಿದರು. ಆತನಿಗೆ ಎಂಥ ಮಾತುಗಳನ್ನು ಬರೆದಿರುವಿರೆಂದು ಯಾರೂ ಕೇಳಲಿಲ್ಲ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆ ಸಂಭಾಷಣೆಗಳನ್ನು ಬದಲಿಸಬೇಕಾಯಿತು. ಅಲಾಹಾಬಾದ ಹೈಕೋರ್ಟಿನ ಲಖನೌ ಪೀಠದಿಂದಲೂ ಕಟುವಾದ ಮಾತುಗಳನ್ನು ಕೇಳಬೇಕಾಯಿತು. ಸಾಲಿಯಲ್ಲಿ ವರ್ಷಗಟ್ಟಲೆ ಮಕ್ಕಳ ಉಚ್ಚಾರವನ್ನು ತಿದ್ದಿದ ನಮ್ಮಂಥವರಿಗೆ ಬೂದಿ ಬಣ್ಣದ ಲಂಕೆಯಿಂದ ಆದ ವ್ಯಥೆಗಿಂತ ಈ ವ್ಯಥೆಯು ಹೆಚ್ಚಿನದು.

ಹೊರದೇಶಗಳಲ್ಲಿಯೂ ಇದೇ ಕಥೆ. 'ಡ್ರಾಗನ್ ಬಾಲ್' ಎಂಬ ಬ ಜನಪ್ರಿಯ ಅನಿಮೆಯನ್ನು ಅಮೇರಿಕದವರು 2009ರಲ್ಲಿ ನಟರಿಂದ ಆಡಿಸಿ ಎಷ್ಟು ಕೆಡಿಸಿದರೆಂದರೆ, ಅದರ ಚಿತ್ರಕಥೆಯನ್ನು ಬರೆದಾತನು 2016ರಲ್ಲಿ ಅಭಿಮಾನಿಗಳ ಕ್ಷಮೆ ಬೇಡಿದನು. 2023ರಲ್ಲಿ ಬಂದ 'ವನ್ ಪೀಸ್' ಮಾತ್ರ ಮನ್ನಣೆ ಪಡೆಯಿತು; ಮೂಲದ ಕರ್ತನಾದ ಐಇಚಿರೋ ಓಡಾ ಅದರ ತಯಾರಿಯಲ್ಲಿ ಜೊತೆಗಿದ್ದನು. ನಮ್ಮ ಪ್ರಸಂಗದಲ್ಲಿ ಆ ಅನುಕೂಲವಿರಲಿಲ್ಲ. ಸಾಕೋ 2012ರಲ್ಲಿ ತೀರಿಕೊಂಡಿದ್ದನು. ರಾಮ ಮೋಹನರು 2019ರಲ್ಲಿ.

ಇನ್ನು 2025ರ ಪರಿಚಯ ತುಣುಕಿನ ವಿಷಯ. ನಿತೇಶ ತಿವಾರಿಯವರ ನಿರ್ದೇಶನದ ಈ ರಾಮಾಯಣದಲ್ಲಿ ರಣಬೀರ ಕಪೂರ ರಾಮ, ಸಾಯಿ ಪಲ್ಲವಿ ಸೀತೆ. ರಾವಣನ ಪಾತ್ರ ನಮ್ಮ ಕನ್ನಡದ ನಟ ಯಶ್ ಅವರದು. ನಿರ್ಮಾಣದಲ್ಲಿಯೂ ಅವರ ಪಾಲುಂಟು. ರೇಖೆಯ ರಾಮನಿಗೆ ಕಂಠವಾಗಿದ್ದ ಅರುಣ ಗೋವಿಲ್ ಅವರು ಇದರಲ್ಲಿ ದಶರಥ. ಎರಡು ಭಾಗಗಳಾಗಿ, 2026 ಮತ್ತು 2027ರ ದೀಪಾವಳಿಗಳಿಗೆ ಎಂದು ಆಗ ಸಾರಿದರು. ಸುಮಾರು ಮೂರು ನಿಮಿಷದ ಆ ತುಣುಕಿನಲ್ಲಿ ನಮಗೆ ಮೆಚ್ಚುಗೆಯಾದುದು ಅದರ ಸಂಕೋಚ. ಬಹುಪಾಲು ತ್ರಿಮೂರ್ತಿಗಳ ಸೃಷ್ಟಿಕಥೆಯನ್ನು ಚಿತ್ರಶಿಲ್ಪಗಳಂಥ ಆಕೃತಿಗಳಲ್ಲಿ ಹೇಳಿ, ರಾಮರಾವಣರನ್ನು ಕೊನೆಯಲ್ಲಿ ಮಿಂಚಿನಂತೆ ತೋರಿಸಿ ಮುಚ್ಚಿಟ್ಟರು. ಹಿಂದಿನವರ ಪಾಡನ್ನು ಕಂಡು ಕಲಿತ ಪಾಠವಿದು ಎಂದು ಯಾರಿಗಾದರೂ ತೋರುವದು. ಆದರೆ ಮುಖವನ್ನು ಮುಚ್ಚಿಟ್ಟ ಮಾತ್ರಕ್ಕೆ ಪರೀಕ್ಷೆ ತಪ್ಪುವದಿಲ್ಲ. ಯಶ್ ಅವರ ರಾವಣನಲ್ಲಿ ನಾವು ಹುಡುಕುವದು ಹತ್ತು ತಲೆಗಳನ್ನಲ್ಲ. ಇವನು ಹೀಗಾಗಬಾರದಿತ್ತು ಎಂದು ಹನುಮಂತನಿಗೆ ಅನ್ನಿಸಿದ ಆ ತೇಜಸ್ಸನ್ನು. ನಾಗಚಂದ್ರನ ಭಾಷೆಯವನಿಗೆ ಆ ಪಾತ್ರ ಸಿಕ್ಕಿರುವದು ಯೋಗಾಯೋಗವೇ ಸರಿ.

ಭಾಷೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಜಪಾನೀ ಚಿತ್ರವು 2025ರಲ್ಲಿ ಮತ್ತೆ ಬಂದಾಗ ಇಂಗ್ಲಿಷು, ಹಿಂದಿ, ತಮಿಳು, ತೆಲುಗು ಈ ನಾಲ್ಕು ಭಾಷೆಗಳಲ್ಲಿ ಬಂದಿತು. ಕನ್ನಡವು ಆ ಪಂಕ್ತಿಯಲ್ಲಿರಲಿಲ್ಲ. ನಿಪ್ಪಾಣಿಯವರು ಕೊಲ್ಹಾಪುರಕ್ಕೂ, ಕಾಗವಾಡದವರು ಮಿರಜ ಸಾಂಗಲಿಗಳಿಗೂ ಹೋಗಿ ಹಿಂದಿಯಲ್ಲಿ ನೋಡಿ ಬರುವದು ಹೊಸತೇನಲ್ಲ. ಆದರೆ ಅದೇ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿಸಿ ಮರಾಠಿ ರಂಗಭೂಮಿಗೆ ಮೊದಲು ಹಾಕಿದ್ದು, ಅಲ್ಲಿಗೆ ಹೋಗಿದ್ದ ಕನ್ನಡ ನಾಡಿನ ಭಾಗವತರ ಆಟವನ್ನು ಕಂಡ ಬಳಿಕವೇ. ನಮ್ಮ ಮೇಳದಿಂದ ರಾಮಾಯಣವನ್ನು ಆಡುವ ರೀತಿ ಅವರಿಗೆ ಹೋಯಿತು. ಈಗ ಮೊಮ್ಮಕ್ಕಳ ರಾಮನು ನಮ್ಮ ಮನೆಯೊಳಗೆ ಕನ್ನಡವೊಂದನ್ನು ಬಿಟ್ಟು ಉಳಿದ ಭಾಷೆಗಳಲ್ಲಿ ಮಾತಾಡುತ್ತಿರುವನು.

ನಾವು ನಮ್ಮ ಮನೆಯಲ್ಲಿ ಕಂಡುಕೊಂಡ ಉಪಾಯವನ್ನು, ವಾಚಕರಿಗೆ ಉಪಯೋಗವಾದೀತೆಂದು, ಇಲ್ಲಿ ತಿಳಿಸುವೆವು. ರಜೆಯಲ್ಲಿ ಮಕ್ಕಳು ಕೂಡಿದಾಗ ಆ ಹಳೆಯ ರೇಖಾಚಿತ್ರವನ್ನು ಟಿ.ವಿ.ಗೆ ಹಚ್ಚಿ, ಹಾಡುಗಳ ಹೊರತು ಉಳಿದ ಧ್ವನಿಯನ್ನು ಪೂರ್ತಿ ಇಳಿಸಿಬಿಡುವೆವು. ಕಥೆಯನ್ನು ನಾವು ಕನ್ನಡದಲ್ಲಿ ಹೇಳುವೆವು. ಪಕ್ಕದ ಮನೆಯ ಮರಾಠಿ ಹುಡುಗರು ಬಂದಿದ್ದರೆ ನಡುನಡುವೆ ಮರಾಠಿಯಲ್ಲಿ. ಎರಡು ತಾಸಿನ ಮೇಲೆ ಕಾಲು ತಾಸಿನ ಚಿತ್ರವು ಹೀಗೆ ಮಾಡಿದರೆ ಮೂರು ಸಂಜೆ ಹಿಡಿಯುವದು, ಯಾಕಂದರೆ ನಡುವೆ ನಿಲ್ಲಿಸಬೇಕಾಗುವದು. ಜಟಾಯುವು ರೆಕ್ಕೆ ಕಳೆದುಕೊಂಡು ಬಿದ್ದಲ್ಲಿ ಪ್ರತಿ ಸಲವೂ ನಿಲ್ಲಿಸುವೆವು. ರಾಮನು ಬರುವ ತನಕ ಆ ಹದ್ದು ಜೀವ ಹಿಡಿದುಕೊಂಡು ಇರುವದೇ ಇಲ್ಲವೇ ಎಂದು, ಹಿಂದಿನ ರಜೆಯಲ್ಲಿ ನೋಡಿದ ಮಕ್ಕಳು ಕೂಡ ಮತ್ತೆ ಕೇಳುವರು.